ಸ್ಪ್ಲೆಂಡರ್‌ಗೆ ಮನೆಯಲ್ಲೇ ಹೊಲಿಯುವ ಸೈಡ್ ಬ್ಯಾಗ್: ಬಟ್ಟೆ, ಅಳತೆ, ಸ್ಟೇ ಬಗ್ಗೆ ತಿಳಿದವರು ಹೇಳಿ

ಆಲ್ದೂರು_ಸವಾರ:
ಸ್ಪ್ಲೆಂಡರ್ ಪ್ಲಸ್‌ಗೆ ಎರಡೂ ಬದಿ ನೇತಾಡುವ ಬ್ಯಾಗ್ ಹೊಲಿಯಬೇಕು ಅಂತ ಇದೆ. ರೇನ್‌ಕೋಟು, ಊಟದ ಡಬ್ಬಿ, ಗಿಡ ಕತ್ತರಿಸುವ ಕತ್ತರಿ, ಬ್ಯಾಂಕಿನ ಕಾಗದ, ಇಷ್ಟು ಹೋದರೆ ಸಾಕು. ಒಂದು ಬದಿಗೆ 5 ಕೆ.ಜಿ. ಮೀರೋದಿಲ್ಲ. ಓಡಾಟ ಆಲ್ದೂರು, ಚಿಕ್ಕಮಗಳೂರು, ಒಮ್ಮೊಮ್ಮೆ ಬಾಳೆಹೊನ್ನೂರು. ಮಳೆಗಾಲದಲ್ಲೂ ಕಾಗದ ಒದ್ದೆಯಾಗಬಾರದು. ಯಾವ ಬಟ್ಟೆ, ಎಷ್ಟು ಬೇಕು? ಸೀಟಿನ ಮೇಲಿಂದ ಇಳಿಬಿಟ್ಟರೆ ಸಾಕಾ, ಇಲ್ಲ ಕಬ್ಬಿಣದ ಸ್ಟೇ (ಬ್ಯಾಗು ಒರಗುವ ಸರಳಿನ ಚೌಕಟ್ಟು) ಹಾಕಿಸಲೇಬೇಕಾ?

ಟಾರ್ಪಾಲು_ಹಾಸನ:
ಮೊದಲು ಬಟ್ಟೆ. ಕಣದಲ್ಲಿ ಕಾಫಿ ಮುಚ್ಚೋಕೆ ತರ್ತಾರಲ್ಲ, ಆ ನೀಲಿ ಪ್ಲಾಸ್ಟಿಕ್ ಟಾರ್ಪಾಲು ಬೇಡವೇ ಬೇಡ. ಸೂಜಿ ಹೋದ ತೂತಿಂದಲೇ ಸೀಳ್ತಾ ಹೋಗುತ್ತೆ, ಬಿಸಿಲಿಗೆ ಎಳೆ ಎಳೆಯಾಗಿ ಉದುರುತ್ತೆ. ರೆಕ್ಸಿನ್ನೂ ಬೇಡ. ಅದರ ಹಿಂದಿನ ಬಟ್ಟೆ ತೆಳು, ಸೀಟಿನ ಮೇಲೆ ಎಳೆದು ಕೂರಿಸೋಕೆ ಸರಿ, ಭಾರ ನೇತು ಹಾಕೋಕೆ ಅಲ್ಲ.

ಲಾರಿಗೆ ಹಾಕೋ ಪಿವಿಸಿ ಲೇಪದ ಟಾರ್ಪಾಲು ತಗೊಳ್ಳಿ, ಚದರ ಮೀಟರಿಗೆ 600ರಿಂದ 650 ಗ್ರಾಂ ತೂಗೋದು. ಲಾರಿ ಟಾರ್ಪಾಲು ಹೊಲಿಯೋ ಅಂಗಡಿಯಲ್ಲಿ ತುಂಡು ಉಳಿದಿರುತ್ತೆ, ಕೇಳಿ. ತುಂಡನ್ನು ಮಡಚಿ ಉಗುರಲ್ಲಿ ಗೆರೆ ಎಳೆದು ಬಿಡಿಸಿ ನೋಡಿ. ಮಡಿಕೆಯಲ್ಲಿ ಬಿಳಿ ಬಿರುಕು ಕಂಡ್ರೆ ಅದು ಹಳೇ ಮಾಲು, ಲೇಪ ಒಣಗಿದೆ. ವಾಪಸ್ ಕೊಡಿ.

ನೀವು ಹೇಳಿದ ಸಾಮಾನಿಗೆ ಒಂದು ಬ್ಯಾಗು 36 ಸೆಂ.ಮೀ. ಉದ್ದ, 28 ಎತ್ತರ, 16 ದಪ್ಪ ಇದ್ರೆ ಸಾಕು. 16 ಲೀಟರ್ ಆಗುತ್ತೆ. ಜಿಪ್ ಬೇಡ, ಬಾಯಿ ಸುರುಳಿ ಸುತ್ತೋ ಥರ ಮಾಡಿ. ಕತ್ತರಿಸೋ ಅಳತೆ ಹೀಗೆ:

ಮುಂದಿನ ಹಾಳೆ, ಹಿಂದಿನ ಹಾಳೆ: ತಲಾ 39 × 52 ಸೆಂ.ಮೀ. ಅಗಲದಲ್ಲಿ ಎರಡೂ ಕಡೆ ಒಂದೂವರೆ ಸೆಂ.ಮೀ. ಹೊಲಿಗೆಗೆ ಬಿಟ್ಟಿದ್ದು. ಎತ್ತರದಲ್ಲಿ 28, ಸುರುಳಿಗೆ 20, ಕೆಳಗಿನ ಹೊಲಿಗೆಗೆ ಒಂದೂವರೆ, ಮೇಲಿನ ಮಡಿಕೆಗೆ ಎರಡೂವರೆ.
ಪಕ್ಕ ಮತ್ತು ತಳಕ್ಕೆ ಸೇರಿ ಒಂದೇ ಉದ್ದ ಪಟ್ಟಿ: 137 × 19 ಸೆಂ.ಮೀ.

ತಳಕ್ಕೆ ಬೇರೆ ತುಂಡು ಹಾಕಿದ್ರೆ ನೀರು ನಿಲ್ಲೋ ಜಾಗದಲ್ಲೇ ಎರಡು ಹೊಲಿಗೆ ಹೆಚ್ಚಾಗುತ್ತೆ, ಅದಕ್ಕೇ ಒಂದೇ ಪಟ್ಟಿ. 150 ಸೆಂ.ಮೀ. ಪನ್ನದ, ಅಂದ್ರೆ ಅಗಲದ, ಬಟ್ಟೆಯಾದ್ರೆ ಎರಡು ಬ್ಯಾಗಿಗೆ ಒಂದೂವರೆ ಮೀಟರ್ ತಗೊಳ್ಳಿ. ಎರಡು ಉದ್ದ ಪಟ್ಟಿ ಪನ್ನದ ಅಡ್ಡಕ್ಕೆ, ಅದರ ಕೆಳಗೆ ಮೂರು ಹಾಳೆ ಸಾಲಾಗಿ, ನಾಲ್ಕನೇದು ಅಡ್ಡ ತಿರುಗಿಸಿ ಹಾಕಿದ್ರೆ 129 ಸೆಂ.ಮೀ.ಗೆ ಮುಗಿಯುತ್ತೆ. ಉಳಿದದ್ದು ಮೂಲೆಗಳಿಗೆ ಇಮ್ಮಡಿ ಹಾಕೋಕೆ ಬೇಕೇ ಬೇಕು.

ಸುರುಳಿಗೆ 20 ಜಾಸ್ತಿ ಆಯ್ತು ಅಂತ ಕಡಿಮೆ ಮಾಡ್ಬೇಡಿ. ಬಾಯಿ ಚಪ್ಪಟೆ ಮಾಡಿದ ಕೂಡ್ಲೇ ಪಕ್ಕದ 16 ಸೆಂ.ಮೀ. ಒಳಕ್ಕೆ ಮಡಚ್ಕೊಳ್ಳುತ್ತೆ, ಅದಕ್ಕೇ ಎತ್ತರದಲ್ಲಿ 8 ಸೆಂ.ಮೀ. ಹೋಗುತ್ತೆ. ಉಳಿಯೋದು 12. ನಾಲ್ಕು ನಾಲ್ಕು ಸೆಂ.ಮೀ.ನ ಮೂರು ಸುತ್ತು. ಎರಡೇ ಸುತ್ತಾದ್ರೆ ಎದುರು ಗಾಳಿಯ ಮಳೆಗೆ ನೀರು ಒಳಗೆ ಇಳಿಯುತ್ತೆ.

ಕೊಪ್ಪದ_ಕಡೆಯವ:
ಟಾರ್ಪಾಲು ಒಪ್ತೇನೆ, ಆದ್ರೆ ಕ್ಯಾನ್ವಾಸನ್ನು ಅಷ್ಟು ಸುಲಭಕ್ಕೆ ಬಿಡ್ಬೇಡಿ ಮಾರಾಯ್ರೆ. ಚದರ ಗಜಕ್ಕೆ 18 ಔನ್ಸ್ ತೂಗೋ ಹತ್ತಿ ಕ್ಯಾನ್ವಾಸ್ ಮನೆಯ ಹೊಲಿಗೆ ಯಂತ್ರಕ್ಕೂ ಬಗ್ಗುತ್ತೆ, ಹರಿದ್ರೆ ದಬ್ಬಳ ಹಿಡಿದು ದಾರಿಯಲ್ಲೇ ಹೊಲಿಬಹುದು. ಸೈಲೆನ್ಸರ್ ಬಿಸಿ ತಾಗಿದ್ರೆ ಕರಗಿ ಅಂಟಿಕೊಳ್ಳೋದಿಲ್ಲ. ಒದ್ದೆಯಾದಾಗ ಹತ್ತಿ ಎಳೆ ಉಬ್ಬಿ ನೇಯ್ಗೆಯ ಸಂದು ತಾನೇ ಮುಚ್ಚುತ್ತೆ, ಸೂಜಿ ತೂತು ಕೂಡ ಒಂದಷ್ಟು ಮುಚ್ಚುತ್ತೆ. ಪಿವಿಸಿಯಲ್ಲಿ ತೂತು ಅಂದ್ರೆ ತೂತೇ.

ಮೇಣ ಹಚ್ಚಬೇಕು ಅಷ್ಟೆ. ಮೇಣದಬತ್ತಿಯ ಮೇಣ ನಾಲ್ಕು ಪಾಲು, ಜೇನುಮೇಣ ಒಂದು ಪಾಲು. ಬರೀ ಮೇಣದಬತ್ತಿ ಹಚ್ಚಿದ್ರೆ ಚಳಿಗೆ ಬಿರಿದು ಉದುರುತ್ತೆ, ಜೇನುಮೇಣ ಅದನ್ನು ಮೆದುವಾಗಿ ಇಡುತ್ತೆ. ಪಾತ್ರೆಯನ್ನು ಕುದಿಯುವ ನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ನೇರ ಗ್ಯಾಸ್ ಉರಿ ಮೇಲೆ ಇಟ್ರೆ ಹೊತ್ತಿಕೊಳ್ಳುತ್ತೆ. ಬ್ರಷ್ಷಲ್ಲಿ ಬಳಿದು, ಹಳೇ ಬಟ್ಟೆ ಮುಚ್ಚಿ ಇಸ್ತ್ರಿ ಎಳೀರಿ. ಮೇಣ ಎಳೆಯ ಒಳಗೆ ಇಳಿದು ಬಟ್ಟೆ ಬಣ್ಣ ಒಂದೇ ಸಮ ಕಪ್ಪಾದ್ರೆ ಆಯ್ತು. ಬಿಳಿ ಪುಡಿಯ ಹಾಗೆ ಮೇಲೆ ಕೂತಿದ್ರೆ ಬಿಸಿ ಸಾಲಲಿಲ್ಲ ಅಂತ.

ಟಾರ್ಪಾಲು_ಹಾಸನ:
ಬಿಸಿಯ ಮಾತು ಸರಿ ಸಾರ್. ಆದ್ರೆ ನಿಮ್ಮ ಕಡೆ ಆರಿದ್ರಾ ಮಳೆ ಹಿಡಿದ್ರೆ ಪುಷ್ಯ ಮುಗಿಯೋ ತನಕ ಬಿಸಿಲೇ ಇರಲ್ಲ. ಒಣಗದ ಹತ್ತಿಗೆ ಬೂಷ್ಟು ಬರುತ್ತೆ, ಮೇಣ ಅದನ್ನು ತಡ ಮಾಡುತ್ತೆ ಅಷ್ಟೇ, ತಡೆಯಲ್ಲ. ಹೊಲಿಗೆ ಸಾಲಿನ ಒಳಗೆ ಶುರುವಾಗುತ್ತೆ, ಹೊರಗೆ ಕಾಣೋ ಹೊತ್ತಿಗೆ ಬಟ್ಟೆ ಕೈಯಲ್ಲಿ ಕಿತ್ತು ಬರುತ್ತೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಗೆ ಕ್ಯಾನ್ವಾಸ್ ಚೆನ್ನಾಗಿ ಬಾಳುತ್ತೆ. ಆಲ್ದೂರಿಗೆ ಪಿವಿಸಿಯೇ ಸರಿ.

ಕೊಪ್ಪದ_ಕಡೆಯವ:
ರಾತ್ರಿ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದ್ರೆ ಒಣಗುತ್ತೆ. ಆದ್ರೆ ಅಟ್ಟ ಇಲ್ಲದ ಮನೆಗೆ ನೀವು ಹೇಳಿದ್ದೇ ಸರಿ.

ಕುಷನ್_ಕೆಲಸ:
ಹೊಲಿಗೆ ಬಗ್ಗೆ ಹೇಳ್ತೀನಿ, ಹೆಚ್ಚಿನ ಬ್ಯಾಗು ಕೆಡೋದು ಅಲ್ಲೇ.

ಹತ್ತಿ ದಾರ ಪಿವಿಸಿ ಹೊಲಿಗೆಗೆ ಬೇಡ, ಕೊಳೆಯುತ್ತೆ. ನೈಲಾನ್ ದಾರ ಗಟ್ಟಿ, ಆದ್ರೆ ವರ್ಷವಿಡೀ ಬಿಸಿಲಲ್ಲಿ ನಿಲ್ಲೋ ಬೈಕಿಗೆ ಪಾಲಿಯೆಸ್ಟರ್ ಹೆಚ್ಚು ಬಾಳುತ್ತೆ. ಕಾರು ಸೀಟ್ ಕವರ್ ಹೊಲಿಯೋ ದಪ್ಪ ಪಾಲಿಯೆಸ್ಟರ್ ದಾರ ಕೇಳಿ, ಸೂಜಿ 18ನೇ ನಂಬರ್. ಹೊಲಿಗೆ ಉದ್ದ 4 ಮಿ.ಮೀ. ಇಡಿ. ಒತ್ತೊತ್ತಾಗಿ ಹೊಲಿದ್ರೆ ಗಟ್ಟಿ ಅನ್ಕೊಂಡು 2 ಮಿ.ಮೀ. ಇಡ್ತಾರೆ. ಪಿವಿಸಿಗೆ ಅದು ಅಂಚೆ ಚೀಟಿಯ ತೂತಿನ ಸಾಲಿದ್ದ ಹಾಗೆ, ಎಳೆದ ಕಡೆ ಸಾಲಾಗಿ ಹರಿದು ಬರುತ್ತೆ.

ಗುಂಡುಪಿನ್ನು ಚುಚ್ಚಬೇಡಿ, ಆ ತೂತು ಮುಚ್ಚಲ್ಲ. ಕಾಗದ ಹಿಡಿಯೋ ಕಪ್ಪು ಬೈಂಡರ್ ಕ್ಲಿಪ್ಪು ಹಾಕಿ ಕೂಡಿಸ್ಕೊಳ್ಳಿ. ಯಂತ್ರದ ಪಾದ ಪಿವಿಸಿಗೆ ಅಂಟಿಕೊಂಡು ಬಟ್ಟೆ ಮುಂದಕ್ಕೆ ಹೋಗಲ್ಲ, ಹೊಲಿಗೆ ಒಂದೇ ಕಡೆ ಗುಡ್ಡೆ ಬೀಳುತ್ತೆ. ಪಾದದ ಕೆಳಗೆ ಸೆಲ್ಲೋ ಟೇಪು ಅಂಟಿಸಿ ಇಲ್ಲ ಬಟ್ಟೆ ಮೇಲೆ ಸ್ವಲ್ಪ ಮುಖದ ಪೌಡರ್ ಸವರಿ, ಜಾರುತ್ತೆ.

ಎರಡು ಪದರ ಪಿವಿಸಿ ಮನೆ ಯಂತ್ರದಲ್ಲಿ ಚಕ್ರ ಕೈಯಲ್ಲಿ ತಿರುಗಿಸ್ಕೊಂಡು ಹೊಲಿಬಹುದು. ಬೆಲ್ಟು ಸೇರಿದ ಕಡೆ ನಾಲ್ಕು ಪದರ ಆಗುತ್ತೆ, ಅಲ್ಲಿ ಸೂಜಿ ಮುರಿಯುತ್ತೆ, ಇಲ್ಲ ಯಂತ್ರದ ಟೈಮಿಂಗ್ ತಪ್ಪುತ್ತೆ. ಅಷ್ಟನ್ನು ಸೀಟ್ ಕವರ್ ಅಂಗಡಿಯಲ್ಲಿ ಹಾಕಿಸಿ. ಅದಕ್ಕೆ ಬ್ಯಾಗು ಪೆಟ್ಟಿಗೆ ಆಕಾರಕ್ಕೆ ಬರೋ ಮುಂಚೆ, ಹಾಳೆ ಚಪ್ಪಟೆ ಇರುವಾಗಲೇ ಬೆಲ್ಟು ಹೊಲಿಸ್ಬೇಕು. ಪೆಟ್ಟಿಗೆ ಆದ ಮೇಲೆ ಯಂತ್ರದ ತೋಳಿಗೆ ಅದು ಸಿಗಲ್ಲ.

ಆಲ್ದೂರು_ಸವಾರ:
ಕಾಗದದಲ್ಲಿ ಮಾದರಿ ಕತ್ತರಿಸಿ ನೋಡಿದೆ. ಕೆಳಗಿನ ಎರಡು ಮೂಲೆಯನ್ನು 3 ಸೆಂ.ಮೀ. ದುಂಡು ಮಾಡಿದೆ. ಉದ್ದ ಪಟ್ಟಿ ಕೊನೆಗೆ ಎರಡೂವರೆ ಸೆಂ.ಮೀ. ಉಳಿಯುತ್ತೆ. 137 ತಪ್ಪಾ?

ಕುಷನ್_ಕೆಲಸ:
ತಪ್ಪಲ್ಲ. 137 ಚೌಕ ಮೂಲೆಯ ಲೆಕ್ಕ. ಮೂಲೆ ದುಂಡಾದಾಗ ದಾರಿ ಹತ್ತಿರವಾಗುತ್ತೆ: 3 ಸೆಂ.ಮೀ. ದುಂಡಿಗೆ ಒಂದು ಮೂಲೆಯಲ್ಲಿ ಸುಮಾರು 1.3, ಎರಡು ಮೂಲೆಗೆ 2.6 ಸೆಂ.ಮೀ. ಉಳಿತಾಯ. ಮೊದಲೇ ಕತ್ತರಿಸ್ಬೇಡಿ. ತಳದ ಮಧ್ಯಕ್ಕೆ ಗುರುತು ಹಾಕಿ, ಪಟ್ಟಿಯ ಮಧ್ಯ ಅಲ್ಲಿಗೆ ಕೂರಿಸಿ, ಎರಡೂ ಕಡೆಗೆ ಮೇಲಕ್ಕೆ ಹೊಲಿಕೊಂಡು ಹೋಗಿ, ಉಳಿದದ್ದನ್ನು ಬಾಯಿಯ ಹತ್ತಿರ ಕತ್ತರಿಸಿ. ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಹೋದ್ರೆ ಬ್ಯಾಗು ತಿರುಚಿಕೊಳ್ಳುತ್ತೆ.

ದುಂಡು ಮೂಲೆ ಬರೋ ಕಡೆ ಪಟ್ಟಿಯ ಅಂಚಿಗೆ 1 ಸೆಂ.ಮೀ. ಆಳದ ಮೂರು ಕಚ್ಚು ಕೊಡಿ, ಆಗ ಬಟ್ಟೆ ತಿರುಗುತ್ತೆ. ಕಚ್ಚು ಹೊಲಿಗೆ ಗೆರೆ ಮುಟ್ಟಬಾರದು, ಅರ್ಧ ಸೆಂ.ಮೀ. ದೂರ ಇರಲಿ.

ಬೆಸುಗೆ_ಬೇಲೂರು:
ಸ್ಟೇ ಬೇಕೇ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬೇಕು. ಮೆದು ಬ್ಯಾಗು ಸೀಟಿನಿಂದ ಬರೀ ಇಳಿಬಿದ್ದಿದ್ದರೆ ತಿರುವಿನಲ್ಲಿ, ಗುಂಡಿಯಲ್ಲಿ ಒಳಕ್ಕೆ ಬೀಸುತ್ತದೆ. ಒಳಗೆ ಇರುವುದು ಚಕ್ರ. ಬಟ್ಟೆ ಟೈರಿಗೆ ತಾಗಿ ಸವೆದರೆ ನಷ್ಟ ಬ್ಯಾಗಿನದ್ದು, ಕಡ್ಡಿಗೆ ಸಿಕ್ಕಿದರೆ ಚಕ್ರ ನಿಲ್ಲುತ್ತದೆ. ಸ್ಟೇ ಇರುವುದು ಭಾರ ಹೊರುವುದಕ್ಕಿಂತ ಹೆಚ್ಚಾಗಿ ಬ್ಯಾಗನ್ನು ಚಕ್ರದಿಂದ ದೂರ ಇಡುವುದಕ್ಕೆ.

10 ಮಿ.ಮೀ. ಕಬ್ಬಿಣದ ಸರಳು ಸಾಕು, ಮೀಟರಿಗೆ ಸುಮಾರು 620 ಗ್ರಾಂ. ಒಂದು ಬದಿಗೆ ಮೇಲಿನ ಅಡ್ಡ, ಎರಡು ಇಳಿಜಾರು, ಕೆಳಗಿನ ಅಡ್ಡ ಸೇರಿ 1.2 ಮೀಟರ್ ಹಿಡಿಯುತ್ತದೆ, ಅಂದರೆ ಮುಕ್ಕಾಲು ಕೆ.ಜಿ. ತುದಿಗಳಿಗೆ 25 × 5 ಮಿ.ಮೀ. ಪಟ್ಟಿ ಕಬ್ಬಿಣದ ಕಿವಿ ಬೆಸೆದು 8.5 ಮಿ.ಮೀ. ತೂತು. ಹಿಂದಿನ ಹಿಡಿಯ ಬೋಲ್ಟು ಒಂದು ಜಾಗ, ಹಿಂದಿನ ಫುಟ್‌ರೆಸ್ಟ್ ಬ್ರಾಕೆಟ್ ಇನ್ನೊಂದು. ಕಿವಿ 5 ಮಿ.ಮೀ. ದಪ್ಪ ಇರುವುದರಿಂದ ಹಳೆಯ ಬೋಲ್ಟು ಅಷ್ಟೇ ಕಡಿಮೆ ಒಳಗೆ ಹೋಗುತ್ತದೆ. ಹಳೆಯದಕ್ಕಿಂತ 5 ಮಿ.ಮೀ. ಹೆಚ್ಚು ಉದ್ದದ ಹೊಸ ಬೋಲ್ಟು ಹಾಕಿ, ನಟ್ಟು ಇರುವ ಕಡೆ ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವ, ಅಲುಗಾಟಕ್ಕೆ ಸಡಿಲವಾಗದ ನಟ್ಟು).

ಶಾಕ್ ಅಬ್ಸಾರ್ಬರ್‌ನ ಮೇಲಿನ ಡೂಮ್ ನಟ್ಟಿನ ಜಾಗಕ್ಕೆ ಕಿವಿ ಸಿಕ್ಕಿಸುವ ಗ್ಯಾರೇಜುಗಳಿವೆ. ನಟ್ಟಿಗೆ ಎರಡು ಮೂರು ಸುತ್ತು ಮಾತ್ರ ಮರೆ (ಥ್ರೆಡ್) ಸಿಗುವುದಾದರೆ ಅದನ್ನು ಖಂಡಿತ ಒಪ್ಪಬೇಡಿ. ಅದು ಶಾಕನ್ನೇ ಹಿಡಿದಿರುವ ನಟ್ಟು.

ಚಾಸಿಗೆ ಬೆಸುಗೆ ಬೇಡ. ಬೆಸುಗೆಯ ಪಕ್ಕದ ಕೊಳವೆ ತನ್ನ ಗಟ್ಟಿತನ ಕಳೆದುಕೊಂಡು ಅಲ್ಲೇ ಬಿರುಕು ಬಿಡುತ್ತದೆ. ಸ್ಟೇಯನ್ನು ಬೈಕಿನ ಮೇಲೆ ಅಳತೆಗೆ ಹಿಡಿದು ಗುರುತು ಹಾಕಿ, ಇಳಿಸಿ ಬೆಸೆಯಬೇಕು. ನಂತರ ಗಸಿ (ಬೆಸುಗೆಯ ಮೇಲೆ ಕೂರುವ ಗಟ್ಟಿ ಪದರ) ಕೆರೆದು ರೆಡ್ ಆಕ್ಸೈಡ್ ಎರಡು ಕೈ, ಮೇಲೆ ಕಪ್ಪು ಬಣ್ಣ. ಗಸಿ ಕೆರೆಯದೆ ಬಣ್ಣ ಬಳಿದರೆ ಮೊದಲ ಮಳೆಗಾಲಕ್ಕೇ ಬೆಸುಗೆಯಿಂದ ತುಕ್ಕು ಇಳಿಯುತ್ತದೆ.

ಚಾರ್ಮಾಡಿ_ತಿರುವು:
ಎಡಗಡೆ ಸೀರೆ ಗಾರ್ಡ್ ಇದ್ಯಲ್ಲ, ಅದನ್ನೇ ಸ್ಟೇ ಥರ ಬಳಸಿದ್ರೆ?

ಬೆಸುಗೆ_ಬೇಲೂರು:
ಒಳಕ್ಕೆ ಬೀಸದಂತೆ ಒರಗಲು ಬಳಸಬಹುದು, ಭಾರ ನೇತುಹಾಕಲು ಆಗದು. ಅದರ ಸರಳು ತೆಳು, ಕಿವಿಗಳು ಅಲುಗಾಟಕ್ಕೆ ಬೇಗ ಬಿರಿಯುತ್ತವೆ. ಜಾಗ ಸಾಲದು ಎಂದು ಬಿಚ್ಚಿಹಾಕುವುದಂತೂ ಬೇಡ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 123ನೇ ನಿಯಮದಲ್ಲಿ ಹಿಂದೆ ಕೂರುವವರಿಗೆ ಹಿಡಿ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧಕ್ಕಿಂತ ಕಡಿಮೆಯಾಗದಂತೆ ಮುಚ್ಚುವ ಗಾರ್ಡ್ ಇರಬೇಕೆಂದಿದೆ. ಬ್ಯಾಗು ಬಿಚ್ಚಿಟ್ಟು ಮನೆಯವರನ್ನು ಕೂರಿಸಿಕೊಂಡು ಹೊರಡುವ ದಿನ ಸೀರೆ, ದುಪಟ್ಟಾ ಕಾಯುವುದು ಅದೊಂದೇ.

ಕುಷನ್_ಕೆಲಸ:
ಇನ್ನು ಬೆಲ್ಟು. ಎಲ್ಲಕ್ಕಿಂತ ಮುಖ್ಯ ಇದು, ಬಟ್ಟೆಗೆ ಭಾರ ಹೊರಿಸ್ಬೇಡಿ. ಬ್ಯಾಗಿನ ಮೇಲಂಚಿಗೆ ಒಂದು ಬೆಲ್ಟು ತುಂಡು ಹೊಲಿದು ಅದರಿಂದ ನೇತುಹಾಕಿದ್ರೆ, ಗುಂಡಿಗೆ ಬಿದ್ದಾಗಲೆಲ್ಲ 5 ಕೆ.ಜಿ. ಭಾರ ಹಲವು ಪಟ್ಟಾಗಿ ಆ ಹತ್ತು ಹನ್ನೆರಡು ಹೊಲಿಗೆಯ ಮೇಲೆ ಬೀಳುತ್ತೆ. ಬೆಲ್ಟು ಬ್ಯಾಗಿನ ಮುಂದಿನಿಂದ ತಳದ ಅಡಿಗೆ ಹೋಗಿ ಹಿಂದಿನಿಂದ ಮೇಲೆ ಬಂದು ಸೀಟು ದಾಟಿ ಇನ್ನೊಂದು ಬ್ಯಾಗಿಗೂ ಹಾಗೇ ಸುತ್ತಬೇಕು. ಆಗ ಬ್ಯಾಗು ಬೆಲ್ಟಿನ ತೊಟ್ಟಿಲಲ್ಲಿ ಕೂತಿರುತ್ತೆ, ಹೊಲಿಗೆ ಬೆಲ್ಟು ಜಾರದ ಹಾಗೆ ಹಿಡಿದಿದ್ರೆ ಸಾಕು.

ಉದ್ದದ ಲೆಕ್ಕ: ಒಂದು ಬ್ಯಾಗಿಗೆ 28 + 16 + 28 = 72, ಎರಡಕ್ಕೆ 144. ಸೀಟಿನ ಅಗಲ, ಬದಿಯ ಇಳಿತ ಸೇರಿ 50 ಸೆಂ.ಮೀ. ಆಸುಪಾಸು. ಹೊಂದಿಸೋಕೆ ಬಿಟ್ಟದ್ದು ಸೇರಿಸಿ ಒಂದು ಬೆಲ್ಟು 2.2 ಮೀಟರ್. ಅಂಥವು ಎರಡು. ಕೆಳಗೆ ಕಟ್ಟೋಕೆ 60 ಸೆಂ.ಮೀ.ನ ನಾಲ್ಕು, ಸುರುಳಿ ಬಾಯಿಗೆ 50 ಸೆಂ.ಮೀ.ನ ನಾಲ್ಕು. ಒಟ್ಟು 8.8, ನೀವು 10 ಮೀಟರ್ ತಗೊಳ್ಳಿ. 38 ಮಿ.ಮೀ. ಅಗಲದ್ದು ಮುಖ್ಯ ಬೆಲ್ಟಿಗೆ, 25 ಮಿ.ಮೀ. ಉಳಿದದ್ದಕ್ಕೆ. ನೈಲಾನ್ ಬೆಲ್ಟು ನೆನೆದ್ರೆ ಉದ್ದವಾಗುತ್ತೆ, ಮಳೆಯಲ್ಲಿ ಬ್ಯಾಗು ಕೆಳಕ್ಕೆ ಇಳೀತಾ ಹೋಗುತ್ತೆ. ಪಾಲಿಯೆಸ್ಟರ್ ಆದ್ರೆ ಆ ತೊಂದ್ರೆ ಇಲ್ಲ. ಕತ್ತರಿಸಿದ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ, ಇಲ್ಲದಿದ್ರೆ ಎಳೆ ಬಿಚ್ಕೊಳ್ಳುತ್ತೆ.

ಬೆಲ್ಟು ಹೊಲಿಯೋ ಜಾಗದಲ್ಲಿ ಚೌಕ ಹೊಲಿದು ಒಳಗೆ ಅಡ್ಡಡ್ಡ ಎರಡು ಗೆರೆ ಎಳೀಬೇಕು. ಬಟ್ಟೆಯ ಹಿಂದೆ ಉಳಿದ ಟಾರ್ಪಾಲಿನ ಒಂದು ತುಂಡು ಇಟ್ಟು ಹೊಲಿದ್ರೆ ಸೀಳಲ್ಲ.

ಅರಸೀಕೆರೆ_ಬಯಲು:
ಕೆಳಗಿನ ಬೆಲ್ಟು ಎಲ್ಲಿಗೆ ಕಟ್ಟೋದು ಅಂತ ಬರೀರಿ. ತುಂಬಾ ಜನ ಹಿಂದಿನ ಚಕ್ರ ಹಿಡಿದಿರೋ ಸ್ವಿಂಗ್ ಆರ್ಮ್‌ಗೆ ಕಟ್ಟಿಬಿಡ್ತಾರೆ, ಕೈಗೆ ಹತ್ತಿರ ಸಿಗುತ್ತೆ ಅಂತ.

ಬೆಸುಗೆ_ಬೇಲೂರು:
ಸ್ವಿಂಗ್ ಆರ್ಮ್‌ಗೆ ಎಂದೂ ಕಟ್ಟಬಾರದು. ಅದು ಚಕ್ರದ ಜೊತೆ ಮೇಲೆ ಕೆಳಗೆ ಆಡುತ್ತದೆ, ಬ್ಯಾಗಿನ ಮೇಲ್ಭಾಗ ಸೀಟಿನ ಜೊತೆ ನಿಂತಿರುತ್ತದೆ. ಪ್ರತಿ ಗುಂಡಿಗೂ ಬೆಲ್ಟು ಒಮ್ಮೆ ಸಡಿಲ, ಒಮ್ಮೆ ಬಿಗಿ. ಸಡಿಲಾದಾಗ ಬಕಲ್ ಜಾರುತ್ತದೆ, ಬಿಗಿಯಾದಾಗ ಹೊಲಿಗೆ ಕೀಳುತ್ತದೆ. ಮುಂದಿನ ಕೆಳ ಬೆಲ್ಟು ಹಿಂದಿನ ಫುಟ್‌ರೆಸ್ಟ್ ಬ್ರಾಕೆಟ್‌ಗೆ, ಹಿಂದಿನದು ಸ್ಟೇಯ ಕೆಳ ಅಡ್ಡಕ್ಕೆ.

ಕಟ್ಟಿದ ಮೇಲೆ ಇಬ್ಬರು ಹಿಂದೆ ಕೂತು ಪೂರ್ತಿ ಒತ್ತಲಿ. ಆಗಲೂ ಬ್ಯಾಗಿಗೂ ಟೈರಿಗೂ ಮಧ್ಯೆ ನಾಲ್ಕು ಬೆರಳು ಹೋಗಬೇಕು.

ಅರಸೀಕೆರೆ_ಬಯಲು:
ಬೆಲ್ಟಿನ ಉಳಿದ ಬಾಲದ ವಿಷಯ ಕೂಡ ಸೇರಿಸ್ತೀನಿ. ಗಾಳಿಗೆ ಬಡಿಯೋ 20 ಸೆಂ.ಮೀ. ಬಾಲ ಚೈನಿಗೆ ಸಿಗೋಕೆ ಒಂದು ಕ್ಷಣ ಸಾಕು. ಸ್ಪ್ಲೆಂಡರ್‌ನಲ್ಲಿ ಚೈನ್ ಎಡಗಡೆ, ಕವರ್ ಇದ್ರೂ ಹಿಂದಿನ ಕಡ್ಡಿ ತೆರೆದೇ ಇರುತ್ತೆ. ಹಳೇ ಸೈಕಲ್ ಟ್ಯೂಬಿನಿಂದ 2 ಸೆಂ.ಮೀ. ಬಳೆ ಕತ್ತರಿಸಿ ಬೆಲ್ಟಿಗೆ ಪೋಣಿಸಿಡಿ, ಬಾಲ ಸುತ್ತಿ ಅದರೊಳಗೆ ಸಿಕ್ಕಿಸಿ. ಬಾಲದ ತುದಿಯನ್ನು ಎರಡು ಸಲ ಮಡಚಿ ಹೊಲಿದ್ರೆ ಬಕಲ್ ಜಾರಿದ್ರೂ ತುದಿ ಆಚೆ ಬರಲ್ಲ. ಕೆಸರು ಹಿಡಿದ ಪ್ಲಾಸ್ಟಿಕ್ ಬಕಲ್ ಜಾರೋದು ಸಾಮಾನ್ಯ.

ಗಿರಿಮಳೆ:
ಸೈಲೆನ್ಸರ್ ಬದಿ, ಅಂದ್ರೆ ಬಲಗಡೆ, ಯಾರೂ ಬರೆದಿಲ್ಲ. ಪಿವಿಸಿ 80 ಡಿಗ್ರಿ ಹತ್ತಿರಕ್ಕೆ ಬಂದ್ರೆ ಮೆತ್ತಗಾಗುತ್ತೆ, ಸೈಲೆನ್ಸರ್ ಅದಕ್ಕಿಂತ ಎಷ್ಟೋ ಬಿಸಿ. ಓಡುವಾಗ ಗಾಳಿ ತಂಪು ಮಾಡುತ್ತೆ. ತೊಂದ್ರೆ ಆಗೋದು ಘಟ್ಟ ಹತ್ತಿ ನಿಲ್ಲಿಸಿದಾಗ. ಮುಳ್ಳಯ್ಯನಗಿರಿ 1,930 ಮೀಟರ್, ಕೈಮರದಿಂದ ಎರಡನೇ ಗೇರಿನಲ್ಲಿ ಹತ್ತಿಸಿ ಮೇಲೆ ನಿಲ್ಲಿಸಿದ್ರೆ ಗಾಳಿ ಇಲ್ಲದೆ ಶಾಖ ನೇರ ಮೇಲಕ್ಕೇ ಏಳುತ್ತೆ, ಬ್ಯಾಗಿನ ತಳಕ್ಕೆ.

ಸೈಲೆನ್ಸರಿನಿಂದ ಬ್ಯಾಗಿನ ತಳಕ್ಕೆ 8ರಿಂದ 10 ಸೆಂ.ಮೀ. ಇರಲಿ. ಮಧ್ಯೆ 1 ಮಿ.ಮೀ. ಅಲ್ಯೂಮಿನಿಯಂ ತಗಡು. ತಗಡನ್ನು ಬ್ಯಾಗಿಗೆ ಅಂಟಿಸಿದ್ರೆ ಏನೂ ಉಪಯೋಗ ಇಲ್ಲ, ತಗಡು ಕಾದು ಬಟ್ಟೆಗೇ ಕೊಡುತ್ತೆ. ಸ್ಟೇಯ ಕೆಳ ಅಡ್ಡಕ್ಕೆ 15 ಮಿ.ಮೀ. ಬುಷ್ (ಮಧ್ಯೆ ಸಂದು ಬಿಡಿಸೋ ಕೊಳವೆ ತುಂಡು) ಕೊಟ್ಟು ತಗಡು ಕೂರಿಸಿ, ಎರಡರ ಮಧ್ಯೆ ಗಾಳಿ ಆಡಬೇಕು. ಇಂಜಿನ್ ಕಡೆಯ ತುದಿ ಹೆಚ್ಚು ಬಿಸಿ, ತಗಡು ಆ ಕಡೆಗೆ 5 ಸೆಂ.ಮೀ. ಮುಂದೆ ಚಾಚಿರಲಿ.

ಆಲ್ದೂರು_ಸವಾರ:
ಬ್ಯಾಗು ಜೋತುಬೀಳದ ಹಾಗೆ ಒಳಗೆ ಏನು ಹಾಕೋದು? ಪ್ಲೈವುಡ್?

ಟಾರ್ಪಾಲು_ಹಾಸನ:
ಪ್ಲೈವುಡ್ ನೀರು ಕುಡಿದು ಪದರ ಬಿಡುತ್ತೆ, ಮೂಲೆ ಬಟ್ಟೆಯನ್ನು ಒಳಗಿಂದ ಕೊರೆಯುತ್ತೆ. ಬೋರ್ಡು ಬರೆಯೋರ ಹತ್ರ ಸಿಗೋ, ಒಳಗೆ ಟೊಳ್ಳಿರೋ ಪ್ಲಾಸ್ಟಿಕ್ಕಿನ 5 ಮಿ.ಮೀ. ಸನ್‌ಪ್ಯಾಕ್ ಶೀಟು ತಗೊಂಡು ಹಿಂದಿನ ಹಾಳೆಗೆ, ತಳಕ್ಕೆ ಒಂದೊಂದು ಕತ್ತರಿಸಿ. ಅಳತೆ ಒಳಗಿನದ್ದಕ್ಕಿಂತ ಅರ್ಧ ಸೆಂ.ಮೀ. ಕಡಿಮೆ, ಮೂಲೆ ದುಂಡು. ಹೊಲಿಬೇಡಿ, ಸುಮ್ನೆ ಒಳಗೆ ನಿಲ್ಲಿಸಿ. ಕೆಸರಾದ್ರೆ ತೆಗೆದು ತೊಳೆಯಬಹುದು.

ಗಿರಿಮಳೆ:
ನೀರಿನ ವಿಷಯ. ಹೊಲಿದ ಬ್ಯಾಗು ಎಷ್ಟೇ ಚೆನ್ನಾಗಿದ್ರೂ ಹೊಲಿಗೆ ಸಾಲಲ್ಲಿ ಸಾವಿರಾರು ತೂತು. ಅದನ್ನು ಹೊರಗಿಂದ ಮುಚ್ಚೋಕೆ ಚಪ್ಪಲಿ ಅಂಟು ಹಚ್ತಾರೆ. ಪಿವಿಸಿಯನ್ನು ಮೆದುವಾಗಿಡೋ ಎಣ್ಣೆಯಂಥ ಅಂಶ ನಿಧಾನಕ್ಕೆ ಹೊರಬಂದು ಆ ಅಂಟನ್ನು ಲೋಳೆ ಮಾಡುತ್ತೆ, ಒಂದೇ ಬೇಸಿಗೆಯಲ್ಲಿ ಪಟ್ಟಿ ಕಳಚುತ್ತೆ. ಪೈಪಿಗೆ ಹಾಕೋ ಅಂಟು ಗಟ್ಟಿಯಾಗಿ ಮಡಿಕೆಯಲ್ಲಿ ಒಡೆಯುತ್ತೆ. ಬಿಸಿಗಾಳಿ ಯಂತ್ರ ಇರೋ ಟಾರ್ಪಾಲು ಅಂಗಡಿಯಲ್ಲಿ ಹೊಲಿಗೆ ಮೇಲೆ 3 ಸೆಂ.ಮೀ. ಪಿವಿಸಿ ಪಟ್ಟಿ ಬೆಸೆಸಿದ್ರೆ ಮಾತ್ರ ಅದು ನಿಲ್ಲುತ್ತೆ.

ಅದು ಸಿಗದಿದ್ರೆ ಒಳಚೀಲ ಹಾಕಿ, ನನ್ನ ಪ್ರಕಾರ ಸಿಕ್ಕಿದ್ರೂ ಹಾಕಿ. ಹೊರ ಬ್ಯಾಗು ಕೆಸರು, ಉಜ್ಜಾಟ, ಭಾರಕ್ಕೆ. ನೀರು ತಡೆಯೋ ಕೆಲಸ ಹೊಲಿಗೆಯೇ ಇಲ್ಲದ ಒಳಚೀಲಕ್ಕೆ. ಯೂರಿಯಾ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ ಚೀಲ ಇದಕ್ಕೆ ಸರಿಯಾಗಿ ಆಗುತ್ತೆ, ಆದ್ರೆ ತಿರುಗಿಸಿ ಮೂರು ನಾಲ್ಕು ನೀರಿನಲ್ಲಿ ತೊಳೀರಿ. ಯೂರಿಯಾ ಗಾಳಿಯ ತೇವ ಎಳೆಯುತ್ತೆ, ಉಳಿದ ಹರಳು ಕತ್ತರಿಗೆ ತುಕ್ಕು ಹಿಡಿಸುತ್ತೆ. ಊಟದ ಡಬ್ಬಿ ಆ ಚೀಲಕ್ಕೆ ಬೇಡ, ಅದಕ್ಕೆ ಬೇರೆ ಹೊಸ ಕವರ್.

ಒಳಚೀಲ ಇದ್ದ ಮೇಲೆ ಹೊರ ಬ್ಯಾಗಿನ ತಳದ ಹಿಂದಿನ ಮೂಲೆಗೆ ಒಂದು 8 ಮಿ.ಮೀ. ಐಲೆಟ್ (ತೂತಿನ ಅಂಚಿಗೆ ಹಾಕೋ ಲೋಹದ ಬಳೆ) ಹೊಡೆಸಿ. ಹೇಗೂ ನೀರು ಬಂದೇ ಬರುತ್ತೆ, ಹೋಗೋಕೆ ದಾರಿ ಇರಬೇಕು. ತೂತಿಲ್ಲದ ತಳದಲ್ಲಿ ಅರ್ಧ ಲೀಟರ್ ನಿಂತ್ರೂ ಗೊತ್ತಾಗಲ್ಲ.

ಚಾರ್ಮಾಡಿ_ತಿರುವು:
ಭಾರ ತುಂಬೋ ಕ್ರಮಕ್ಕೂ ಗಮನ ಕೊಡಿ. ಕತ್ತರಿ, ಟೂಲ್ಸು ತಳದಲ್ಲಿ, ಮುಂದಿನ ಕಡೆಗೆ. ಭಾರ ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ ಹೋದಷ್ಟೂ ಮುಂದಿನ ಚಕ್ರ ಹಗುರ, ಕೊಟ್ಟಿಗೆಹಾರದಿಂದ ಕೆಳಗೆ ಇಳಿಯೋವಾಗ ಒದ್ದೆ ತಿರುವಿನಲ್ಲಿ ಹ್ಯಾಂಡಲ್ ಅಲ್ಲಾಡೋದು ಇದಕ್ಕೇ. ಎರಡು ಬದಿಗೂ ಒಂದು ಕೆ.ಜಿ. ಒಳಗಿನ ವ್ಯತ್ಯಾಸ ಇರಲಿ, ಮೀನು ತೂಗೋ ಕೊಕ್ಕೆ ತಕ್ಕಡಿಯಲ್ಲಿ ಎತ್ತಿ ನೋಡಿದ್ರೆ ಗೊತ್ತಾಗುತ್ತೆ. ಹಿಂದಿನ ಟೈರಿನ ಗಾಳಿಯನ್ನು ಇಬ್ಬರು ಕೂರುವ ಅಳತೆಗೆ ಹಿಡಿಸಿ, ಕಂಪನಿಯ ಪುಸ್ತಕದಲ್ಲಿ ಇದೆ. ಬ್ಯಾಗಿನ ಮೇಲಂಚು ಇಂಡಿಕೇಟರಿಗಿಂತ ಒಂದು ಗೇಣು ಮುಂದೆ ಇಲ್ಲವೇ ಕೆಳಗೆ ಇರಬೇಕು. ಮಂಜು ಕವಿದಾಗ ನೀವು ತಿರುಗೋದು ಹಿಂದಿನ ಲಾರಿಯವನಿಗೆ ತಿಳಿಯೋದು ಇಂಡಿಕೇಟರಿನಿಂದಲೇ.

ಆಲ್ದೂರು_ಸವಾರ:
ಸೈಡ್ ಪ್ಯಾನೆಲ್ ಬಣ್ಣ ಉಜ್ಜಿ ಹೋಗೋದಕ್ಕೆ ಏನು ಮಾಡೋದು? ಟ್ಯೂಬಿನ ರಬ್ಬರ್ ಇಟ್ಟರೆ?

ಕುಷನ್_ಕೆಲಸ:
ಬಣ್ಣದ ಮೇಲೆ ರಬ್ಬರ್ ಬೇಡ, ಬಿಸಿಲಿಗೆ ಕಂದು ಕಲೆ ಬಿಡುತ್ತೆ, ಅದು ಹೋಗಲ್ಲ. ಬಣ್ಣ ತಿನ್ನೋದು ಬ್ಯಾಗಲ್ಲ, ಬ್ಯಾಗಿಗೂ ಪ್ಯಾನೆಲ್ಲಿಗೂ ಮಧ್ಯೆ ಸೇರೋ ಧೂಳು. ನಂಬರ್ ಪ್ಲೇಟ್ ಸ್ಟಿಕ್ಕರ್ ಅಂಗಡಿಯಲ್ಲಿ ದಪ್ಪ ಪಾರದರ್ಶಕ ಫಿಲ್ಮ್ ಸಿಗುತ್ತೆ, ಬ್ಯಾಗು ತಾಗೋ ಜಾಗಕ್ಕಿಂತ ಎರಡು ಬೆರಳು ಹೆಚ್ಚಿಗೆ ಅಂಟಿಸಿ. ವಾರಕ್ಕೊಮ್ಮೆ ಬ್ಯಾಗು ಇಳಿಸಿ ಹಿಂಬದಿಯನ್ನು ಸೋಪು ನೀರಲ್ಲಿ ಒರೆಸಿ. ಎಡಗಡೆ ಚೈನ್ ಎಣ್ಣೆ ಹಾರಿದ್ರೂ ಸೋಪು ನೀರೇ. ಸೀಮೆಎಣ್ಣೆ, ಪೆಟ್ರೋಲು ಮುಟ್ಟಿಸಿದ್ರೆ ಪಿವಿಸಿ ಬಿರುಸಾಗಿ ಮಡಿಕೆಯಲ್ಲಿ ಸೀಳುತ್ತೆ.

ಹೊಸ ಬೆಲ್ಟು ಮೊದಲ ಹತ್ತು ಕಿಲೋಮೀಟರಿಗೆ ಕೂತುಕೊಂಡು ಸಡಿಲ ಆಗುತ್ತೆ. ಒಮ್ಮೆ ನಿಲ್ಲಿಸಿ ಎಲ್ಲಾ ಬಕಲ್ಲು ಬಿಗಿ ಮಾಡಿ, ಸ್ಟೇ ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಿ.